ರಾಯರ ಮೂರು ತಿಂಗಳ ಲೆಕ್ಕ

ನಮ್ಮ ರಾಯರಿಗೆ ವರ್ಷಕ್ಕೆ ನಾಲ್ಕು ಸಲ ವೈರಾಗ್ಯ ಬರುತ್ತದೆ. ಬಂದರೆ ಎರಡು ದಿನ ಇರುತ್ತದೆ. ಲ್ಯಾಬಿನಲ್ಲಿ ರಕ್ತ ಕೊಟ್ಟು, ತೋಳಿಗೆ ಹತ್ತಿ ಒತ್ತಿಕೊಂಡು ಆಚೆ ಬರುವಷ್ಟರಲ್ಲಿ ಇಳಿದುಹೋಗಿರುತ್ತದೆ. ಆ ಎರಡು ದಿನ ಮನೆಯಲ್ಲಿ ಹಾಗಲಕಾಯಿ ಪಲ್ಯ, ಮೆಂತ್ಯ ನೆನೆಸಿದ ನೀರು, ಕುಂಡದಲ್ಲಿ ಬೆಳೆಸಿದ ಇನ್ಸುಲಿನ್ ಗಿಡದ ಎಲೆ. ಕಾಫಿಗೆ ಸಕ್ಕರೆಯೂ ಇಲ್ಲ, ಬೆಲ್ಲವೂ ಇಲ್ಲ. ಉಳಿದ ದಿನ ಬೆಲ್ಲ ಧಾರಾಳ. ಬೆಲ್ಲ ‘ನ್ಯಾಚುರಲ್’ ಅಂತೆ, ಮೈಗೆ ಹತ್ತುವುದಿಲ್ಲವಂತೆ. ರಕ್ತಕ್ಕೆ ಈ ವಿಷಯ ಯಾರೂ ತಿಳಿಸಿದಂತಿಲ್ಲ.

ಶುಗರ್ ಇದೆಯಾ ಅಂತ ಕೇಳಿ ನೋಡಿ: “ಇದೆ, ಆದ್ರೆ ಬಾರ್ಡರ್‌ನಲ್ಲಿದೆ” ಅನ್ನುತ್ತಾರೆ. ಎಷ್ಟೋ ವರ್ಷದಿಂದ ಅದೇ ಬಾರ್ಡರಿನಲ್ಲಿ ಕಾವಲು ನಿಂತಿದ್ದಾರೆ, ಸೈನಿಕರಿಗಾದರೂ ರಜೆ ಸಿಗುತ್ತದೆ. ಆ ಗಡಿ ಎಲ್ಲಿದೆ ಎನ್ನುವುದೇನು ಗುಟ್ಟಲ್ಲ. ಖಾಲಿ ಹೊಟ್ಟೆಯಲ್ಲಿ ಡೆಸಿಲೀಟರ್ ರಕ್ತಕ್ಕೆ 100 ಮಿಲಿಗ್ರಾಂ ಒಳಗಿದ್ದರೆ ಚಿಂತೆಯಿಲ್ಲ; 100ರಿಂದ 125ರ ತನಕ ರಾಯರು ಹೇಳುವ ಬಾರ್ಡರ್; ಮತ್ತೆ ಮತ್ತೆ 126 ದಾಟುತ್ತಿದ್ದರೆ ಗಡಿ ಯಾವತ್ತೋ ಹಿಂದಕ್ಕೆ ಸರಿದಿದೆ ಅಂತಲೇ ಅರ್ಥ.

ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ ರಾಯರಿಗೆ ಒಮ್ಮೆ ಭಾರಿ ಅನ್ಯಾಯವಾಯಿತು. ಮುನ್ನಾದಿನ ಸಂಜೆ ಆರಕ್ಕೇ ಊಟ ಮುಗಿಸಿ, ಬೆಳಿಗ್ಗೆವರೆಗೂ ಬರೀ ನೀರು ಕುಡಿದುಕೊಂಡಿದ್ದರೂ 148 ಬಂತು. “ಏನೂ ತಿನ್ನದೆ ಇಷ್ಟು ಹೇಗೆ ಬರುತ್ತೆ? ಮೆಷಿನ್ ಕೆಟ್ಟಿದೆ!” ಮೆಷಿನ್ ಕೆಟ್ಟಿರಲಿಲ್ಲ. ನಾವು ಉಪವಾಸ ಮಾಡಿದರೂ ನಮ್ಮ ಪಿತ್ತಜನಕಾಂಗ ಮಾಡುವುದಿಲ್ಲ. ನಸುಕಿನಲ್ಲಿ ನಾವು ಏಳುವ ಮುಂಚೆಯೇ ಕೆಲವು ಹಾರ್ಮೋನುಗಳು ಎದ್ದು ಅದಕ್ಕೆ ಅಪ್ಪಣೆ ಕೊಡುತ್ತವೆ, ಅದು ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವವರಲ್ಲಿ ಇದು ಗೊತ್ತೇ ಆಗುವುದಿಲ್ಲ. ರಾಯರಂಥವರಲ್ಲಿ ಗೊತ್ತಾಗುತ್ತದೆ.

ಊಟದ ನಂತರದ ಪರೀಕ್ಷೆ, ಅಂದರೆ ಪಿಪಿ, ರಾಯರ ಪ್ರತಿಭೆ ನಿಜವಾಗಿ ಅರಳುವ ಜಾಗ. ಲ್ಯಾಬಿನ ಹುಡುಗಿ “ತಿಂಡಿ ತಿಂದು ಎರಡು ಗಂಟೆಗೆ ಬನ್ನಿ ಸರ್” ಅನ್ನುತ್ತಾಳೆ. ಪಕ್ಕದಲ್ಲೇ ದರ್ಶಿನಿ. ಬೇರೆ ದಿನ ಮಸಾಲೆ ದೋಸೆ, ಮೇಲೊಂದು ಕೇಸರಿಬಾತ್ ಇಲ್ಲದೆ ಅಲ್ಲಿಂದ ಕದಲದ ಮನುಷ್ಯ ಅವತ್ತು ಒಂದೇ ಒಂದು ಇಡ್ಲಿ ತೆಗೆದುಕೊಂಡು, ಚಟ್ನಿಯಲ್ಲಿ ತೆಂಗಿನಕಾಯಿ ಇದೆ ಅಂತ ಅದನ್ನೂ ಬದಿಗೆ ಸರಿಸಿ, ಪಾರ್ಕಿನಲ್ಲಿ ಯಾರೋ ಅಟ್ಟಿಸಿಕೊಂಡು ಬಂದವರಂತೆ ಸುತ್ತು ಹೊಡೆಯುತ್ತಾರೆ. ಎರಡು ಗಂಟೆಯ ಲೆಕ್ಕ ಮೊದಲ ತುತ್ತಿನಿಂದ ಶುರು. ರಾಯರದು ಕೈ ತೊಳೆದು, ಪೇಪರ್ ಓದಿ, ಎರಡು ಮಾತಾಡಿದ ಮೇಲೆ. ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ಒಂದು ಇಡ್ಲಿ ತಿಂದು ಓಡಿದರೆ ಹೇಗಿರುತ್ತದೆ ಎಂಬ ಪ್ರಶ್ನೆಗೆ ಅದು ಸರಿಯಾದ ಉತ್ತರ. ಡಾಕ್ಟರು ಕೇಳಿದ ಪ್ರಶ್ನೆ ಬೇರೆ ಇತ್ತು, ಅಷ್ಟೆ.

ಈ ಸಲ ಡಾಕ್ಟರು ಚೀಟಿಯಲ್ಲಿ ಎಚ್‌ಬಿಎ1ಸಿ ಅಂತ ಬರೆದರು. ಇದಕ್ಕೆ ಉಪವಾಸ ಬೇಡ, ಯಾವ ಹೊತ್ತಿಗಾದರೂ ಹೋಗಿ ಅಂದಾಗಲೇ ರಾಯರಿಗೆ ಅನುಮಾನ ಬರಬೇಕಿತ್ತು. ವಿಷಯ ಇಷ್ಟೆ: ರಕ್ತದಲ್ಲಿ ಓಡಾಡುವ ಗ್ಲೂಕೋಸ್, ಕೆಂಪು ಕಣಗಳೊಳಗಿನ ಹಿಮೋಗ್ಲೋಬಿನ್ನಿಗೆ ಕಡಲೆಬೀಜಕ್ಕೆ ಬೆಲ್ಲದ ಪಾಕ ಹತ್ತಿದ ಹಾಗೆ ಹತ್ತಿಕೊಳ್ಳುತ್ತದೆ, ಹತ್ತಿದ್ದು ಬಿಡುವುದಿಲ್ಲ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಹಾಗಾಗಿ ಎಷ್ಟು ಪಾಲು ಹಿಮೋಗ್ಲೋಬಿನ್ನಿಗೆ ಗ್ಲೂಕೋಸ್ ಅಂಟಿದೆ ಅಂತ ಅಳೆದರೆ ಎರಡು ಮೂರು ತಿಂಗಳ ಪುರಾಣವೆಲ್ಲ ಹೊರಗೆ ಬೀಳುತ್ತದೆ. ಮದುವೆಮನೆಯ ಹೋಳಿಗೆ, ಆಫೀಸಿನ ಬರ್ತ್‌ಡೇ ಕೇಕು, ಮಧ್ಯರಾತ್ರಿ ಫ್ರಿಜ್ಜಿನ ಬಾಗಿಲು ಸದ್ದಾಗದಂತೆ ತೆಗೆದದ್ದು, ಎಲ್ಲ. ಮಧುಮೇಹಿಗಳ ರಕ್ತದಲ್ಲಿ ಈ ಹಿಮೋಗ್ಲೋಬಿನ್ ಹೆಚ್ಚಿರುವುದನ್ನು 1960ರ ದಶಕದ ಕೊನೆಯಲ್ಲಿ ಪತ್ತೆಹಚ್ಚಿದವರು ಇರಾನಿನ ಸ್ಯಾಮ್ಯುಯೆಲ್ ರಹಬರ್. ನಮ್ಮ ರಾಯರು ಅವರನ್ನು ಕ್ಷಮಿಸಿಲ್ಲ.

ವರದಿ ಬಂದ ದಿನ ಮಾತ್ರ ಖುಷಿಯೋ ಖುಷಿ. ಯಾವಾಗಲೂ ನೂರು ಇನ್ನೂರು ನೋಡಿದ ಕಣ್ಣಿಗೆ ‘9.0’ ಕಂಡಿತು. “ಹತ್ತಕ್ಕೆ ಒಂಬತ್ತು ಕಣಯ್ಯಾ!” ಅಂತ ಫೋನು. ಇದು ಎಸ್ಸೆಸ್ಸೆಲ್ಸಿ ಅಲ್ಲ ಸ್ವಾಮಿ, ಶೇಕಡಾ ಲೆಕ್ಕ ಅಂತ ಬಿಡಿಸಿ ಹೇಳಬೇಕಾಯಿತು. 5.7ಕ್ಕಿಂತ ಕಡಿಮೆ ಇರಬೇಕು, 6.4ರ ತನಕ ಬಾರ್ಡರ್, 6.5ರಿಂದ ಮಧುಮೇಹ. ಕಾಯಿಲೆ ಇದ್ದವರಿಗೆ ಸಾಮಾನ್ಯವಾಗಿ 7ರ ಒಳಗಿರಲಿ ಅನ್ನುತ್ತಾರೆ, ವಯಸ್ಸಾದವರಿಗೆ ತುಸು ಸಡಿಲ ಬಿಡುವುದೂ ಉಂಟು. 9 ಅಂದರೆ ಹಗಲೂ ರಾತ್ರಿ ಸೇರಿ ಸರಾಸರಿ ಸುಮಾರು 212 ಮಿಲಿಗ್ರಾಂ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಬರೀ ಉಸಿರಾಟ ಕೇಳಿಸಿತು. ಆಮೇಲೆ, “ಮತ್ತೆ ಆ ಹಾಗಲಕಾಯಿ?” ಅಂದರು. ಎರಡು ದಿನದ ಹಾಗಲಕಾಯಿ ಮೂರು ತಿಂಗಳ ಸರಾಸರಿಯಲ್ಲಿ ಎಲ್ಲಿ ಕಾಣಬೇಕು?

ಸುಮ್ಮನಾಗುವ ಆಸಾಮಿಯೇ ಅಲ್ಲ. ಎಲ್ಲೆಲ್ಲೋ ಹುಡುಕಿ, ಈ ಪರೀಕ್ಷೆಯೂ ಕೆಲವು ಸಲ ದಾರಿ ತಪ್ಪಿಸುತ್ತದೆ ಅನ್ನುವುದನ್ನು ಕಂಡುಹಿಡಿದರು. ಅದು ನಿಜವೂ ಹೌದು. ರಕ್ತ ಕೊಡಿಸಿಕೊಂಡವರಲ್ಲಿ, ಕೆಂಪು ಕಣ ಬೇಗ ನಾಶವಾಗುವವರಲ್ಲಿ ಅಂಕಿ ಸುಳ್ಳು ಹೇಳಬಹುದು. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಇರುವುದಕ್ಕಿಂತ ಹೆಚ್ಚೇ ತೋರಿಸಬಹುದು. ನಮ್ಮಲ್ಲಿ ರಕ್ತಹೀನತೆಗೇನು ಬರವೇ? ಅದಕ್ಕೇ ಡಾಕ್ಟರು ಹಿಮೋಗ್ಲೋಬಿನ್ನನ್ನೂ ಜೊತೆಗಿಟ್ಟು ನೋಡುತ್ತಾರೆ. ರಾಯರದು 14.2, ಗಟ್ಟಿಮುಟ್ಟು. ಆದರೂ ಅವರು ತಮಗೆ ಕಬ್ಬಿಣದ ಅಂಶ ಕಡಿಮೆ ಎಂದು ತಾವೇ ತೀರ್ಮಾನಿಸಿ, ಚಿಕಿತ್ಸೆಯನ್ನೂ ತಾವೇ ಶುರುಮಾಡಿದ್ದಾರೆ: ದಿನಾ ಬೆಳಿಗ್ಗೆ ಹತ್ತು ಖರ್ಜೂರ, ಜೇನುತುಪ್ಪದಲ್ಲಿ ಅದ್ದಿ.