ಬಾಲವಾಚಕರ ತಗಾದೆ

ಗ್ರಂಥಕರ್ತರಿಗೆ ವಾಚಕರಿಂದ ಬರುವ ಪತ್ರಗಳಲ್ಲಿ ದೊಡ್ಡವರು ಬರೆದವು ಬಹುಮಟ್ಟಿಗೆ ನಿರಪಾಯಕರವಾದವು. ಮೆಚ್ಚಿದವರು ಶೈಲಿಯ ಲಾಲಿತ್ಯವನ್ನು ಕೊಂಡಾಡುತ್ತಾರೆ. ಮೆಚ್ಚದವರು ಸಾಹಿತ್ಯದ ಅಧೋಗತಿಯನ್ನು ಕುರಿತು ನಿಟ್ಟುಸಿರಿಡುತ್ತಾರೆ. ಉಭಯ ಪಕ್ಷದವರೂ ಪತ್ರದ ತುದಿಯಲ್ಲಿ ತಮ್ಮದೊಂದು ಹಸ್ತಪ್ರತಿಯ ಪ್ರಸ್ತಾಪವನ್ನೆತ್ತಿ, ಮುನ್ನುಡಿಯ ಬೇಡಿಕೆಯೊಡನೆ ವಿರಮಿಸುತ್ತಾರೆ. ಇಂಥವಕ್ಕೆ ಉತ್ತರ ಬರೆಯದಿದ್ದರೂ ಲೋಕವ್ಯವಹಾರಕ್ಕೇನೂ ಬಾಧಕವಿಲ್ಲ. ಆದರೆ ಹತ್ತು ವರ್ಷದ ವಾಚಕನೊಬ್ಬನು, ತನಗೆ ಕಂಠಸ್ಥವಾಗಿರುವ ಅದ್ಭುತ ಕಥೆಯೊಂದರ ಹೊಸ ಭಾಗವನ್ನು ಕೈಗೆತ್ತಿಕೊಂಡು, ಹಿಂದಿನ ಭಾಗದಲ್ಲಿ ಬಾಲ ಅಲ್ಲಾಡಿಸಿಕೊಂಡಿದ್ದ ನಾಯಿ ಈ ಭಾಗದಲ್ಲಿ ಆದಿಯಿಂದ ಅಂತ್ಯದವರೆಗೆ ಎಲ್ಲಿಯೂ ಕಾಣಿಸದಿರುವುದನ್ನು ಗಮನಿಸಿ, ಗೆರೆಯಿರುವ ಹಾಳೆಯೊಂದರ ಮೇಲೆ ‘ನಾಯಿ ಎಲ್ಲಿ?’ ಎಂದು ಬರೆದು ಅಂಚೆಗೆ ಹಾಕಿದನೆಂದರೆ, ಅದನ್ನು ವಿಮರ್ಶೆಯೆಂದು ಕರೆಯಲಾಗದು, ಅದು ತಗಾದೆ. ಕೊಟ್ಟ ಸಾಲವನ್ನು ಬಡ್ಡಿಸಮೇತ ಕೇಳಲು ಬಾಗಿಲಿಗೆ ಬಂದು ನಿಂತ ಸಾಹುಕಾರನ ಗಾಂಭೀರ್ಯ ಅದರಲ್ಲಿರುತ್ತದೆ. ಹೊಸ ಪುಸ್ತಕ ಎಷ್ಟು ಸೊಗಸಾಗಿದೆಯೆಂಬುದು ಆ ವಾಚಕನಿಗೆ ಮುಖ್ಯವಲ್ಲ. ಹಳೆಯ ಬಾಕಿ ಎಷ್ಟು ಸಂದಿತೆಂಬುದಷ್ಟೇ ಮುಖ್ಯ.

ಈ ತಗಾದೆಯ ಕಷ್ಟವನ್ನು ಬಹುಕಾಲ ಉಂಡು, ಉಂಡದ್ದನ್ನು ನಗುನಗುತ್ತಲೇ ಬರೆದಿಟ್ಟು ಹೋದ ಮಹಾಶಯನೊಬ್ಬನ ಪರಿಚಯ ನನಗಾದದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ. ಅಮೆರಿಕದ ಲೈಮನ್ ಫ್ರಾಂಕ್ ಬಾಮ್ ಎಂಬಾತನು ಓಜ್ ಎಂಬ ಕಲ್ಪಿತ ದೇಶವನ್ನು ಕುರಿತು ಬರೆದ ಪುಸ್ತಕಗಳು ಅವು. ಮೊಮ್ಮಕ್ಕಳಿಗೆಂದು ಕೊಂಡವನು ನಾನೇ ಓದಲು ಕುಳಿತೆ. ಕಥೆಗಳು ರಮ್ಯವಾಗಿಯೇ ಇವೆ, ಸಂದೇಹವಿಲ್ಲ. ಆದರೆ ನನ್ನ ವಯಸ್ಸಿನವನಿಗೆ ಅವುಗಳಿಗಿಂತ ಹೃದಯಂಗಮವಾದುವು ಅವುಗಳ ಪೀಠಿಕೆಗಳು. ಒಂದರ ಹಿಂದೊಂದರಂತೆ ಪೀಠಿಕೆಗಳನ್ನೇ ಓದುತ್ತ ಹೋದರೆ, ಸ್ವತಂತ್ರನಾಗಿದ್ದ ಒಬ್ಬ ಗೃಹಸ್ಥನು ವರ್ಷೇ ವರ್ಷೇ ತನ್ನ ವಾಚಕರ ಆಳಾಗಿ ಪರಿಣಮಿಸುವ ಕರುಣ-ಹಾಸ್ಯಮಿಶ್ರಿತ ಚರಿತ್ರೆಯೊಂದು ತಾನಾಗಿ ಬಿಚ್ಚಿಕೊಳ್ಳುತ್ತದೆ.

1900ರಲ್ಲಿ ಷಿಕಾಗೋ ನಗರದಲ್ಲಿ ಮೊದಲನೆಯ ಪುಸ್ತಕ ಪ್ರಕಟವಾಯಿತು. ಸುಂಟರಗಾಳಿಗೆ ಸಿಕ್ಕಿ ಕ್ಯಾನ್ಸಾಸ್ ಸೀಮೆಯಿಂದ ಮನೆಸಮೇತ ಹಾರಿಬಂದ ಡೊರೊತಿ ಎಂಬ ಹುಡುಗಿ, ಆಕೆಯ ನಾಯಿ ಟೊಟೊ, ಮಿದುಳಿಲ್ಲದ ಬೆದರುಗೊಂಬೆ, ಹೃದಯವಿಲ್ಲದ ತಗಡಿನ ಮನುಷ್ಯ, ಪುಕ್ಕಲು ಸಿಂಹ, ಇವರ ಕಥೆ ಅದು. ಡೊರೊತಿ ಕೊನೆಗೆ ಊರು ಸೇರುತ್ತಾಳೆ, ಕಥೆ ಮುಗಿಯುತ್ತದೆ. ಬಾಮ್ ಮಹಾಶಯನೂ ಮುಗಿಯಿತೆಂದೇ ನಂಬಿದ್ದನು. ಆದರೆ ಮಕ್ಕಳು ನಂಬಲಿಲ್ಲ. ದೂರದ ಊರಿನಿಂದ ತನ್ನನ್ನು ಕಾಣಬಂದ ಬಾಲಿಕೆಯೊಬ್ಬಳಿಗೆ, ಆಕೆಯ ಹೆಸರೂ ಡೊರೊತಿಯೇ ಅಂತೆ, ಸಾವಿರ ಮಂದಿ ಹುಡುಗಿಯರು ಸಾವಿರ ಪತ್ರಗಳನ್ನು ಬರೆದು ಕೇಳಿದರೆ ಇನ್ನೊಂದು ಪುಸ್ತಕ ಬರೆಯುವೆನೆಂದು ಆತ ಮಾತು ಕೊಟ್ಟನಂತೆ. ಸಾವಿರ ಎಂಬ ಸಂಖ್ಯೆಯನ್ನು ದೊಡ್ಡವರು ‘ಆಗದು’ ಎಂಬುದಕ್ಕೆ ಸಭ್ಯ ಪರ್ಯಾಯವಾಗಿ ಬಳಸುವರೆಂಬುದು ನಮಗೆ ಗೊತ್ತು. ಮಕ್ಕಳಿಗೆ ಅದು ಎಣಿಸಿ ಮುಗಿಸಬಹುದಾದ ಒಂದು ಸಂಖ್ಯೆ. ಪತ್ರಗಳು ಬಂದೇ ಬಂದವು. ಈ ಮಧ್ಯೆ 1902ರಲ್ಲಿ ಕಥೆಯು ರಂಗಭೂಮಿಯನ್ನೇರಿ ಅಪಾರ ಜನಪ್ರಿಯತೆಯನ್ನು ಗಳಿಸಿದ್ದೂ ಅದಕ್ಕೆ ಕಾರಣವಿರಬಹುದೆಂದು ಬಾಮ್ ಒಪ್ಪಿಕೊಳ್ಳುತ್ತಾನೆ. ಆ ಬಾಲಿಕೆಯೇ ಮಾರುವೇಷದ ಯಕ್ಷಿಣಿಯಾಗಿದ್ದಿರಲೂಬಹುದೆಂದು ಸಂಶಯಪಡುತ್ತಾನೆ. ಎರಡನೆಯ ಊಹೆಯೇ ನನಗೂ ಹೆಚ್ಚು ಒಪ್ಪಿಗೆ.

1904ರಲ್ಲಿ ಎರಡನೆಯ ಪುಸ್ತಕ ಹೊರಬಂತು. ಅದರಲ್ಲಿ ಬೆದರುಗೊಂಬೆಯಿತ್ತು, ತಗಡಿನ ಮನುಷ್ಯನಿದ್ದನು, ಕುಂಬಳಕಾಯಿ ತಲೆಯವನೊಬ್ಬ ಹೊಸದಾಗಿ ಬಂದಿದ್ದನು. ಡೊರೊತಿ ಮಾತ್ರ ಇರಲಿಲ್ಲ, ಸಿಂಹವೂ ಇರಲಿಲ್ಲ. ಪ್ರೌಢ ವಿಮರ್ಶಕನಾದರೆ ಇದನ್ನು ಕರ್ತೃವಿನ ದಿಟ್ಟತನವೆಂದು ಬಣ್ಣಿಸಿ ಒಂದು ಲೇಖನವನ್ನೇ ಬರೆದಾನು. ಮಕ್ಕಳು ಒಂದೊಂದು ಸಾಲು ಬರೆದರು: ಡೊರೊತಿ ಏನಾದಳು? ಸಿಂಹಕ್ಕೆ ಏನಾಯಿತು? 1907ರ ಮೂರನೆಯ ಪುಸ್ತಕದಲ್ಲಿ ಇಬ್ಬರೂ ಹಾಜರಾದರು. ಹಾಗಾದರೆ ಮೊದಲನೆಯ ಪುಸ್ತಕದಲ್ಲಿ ಬಲೂನಿನಲ್ಲಿ ಹಾರಿಹೋದ ಮಾಂತ್ರಿಕನ ಗತಿಯೇನೆಂಬ ಪ್ರಶ್ನೆ ಎದ್ದಿತು. 1908ರ ಪುಸ್ತಕದಲ್ಲಿ ಅವನನ್ನೂ ಹುಡುಕಿ ತರಬೇಕಾಯಿತು. ತನಗೆ ಬೇರೆ ಕಥೆಗಳೂ ಗೊತ್ತಿವೆ, ಅವನ್ನೂ ಹೇಳುವಾಸೆಯಿದೆ, ಆದರೆ ಈ ಪ್ರೀತಿಯ ಪೀಡಕರು ಬಿಡಲೊಲ್ಲರೆಂದು ಆತ ಆ ಪೀಠಿಕೆಯಲ್ಲಿ ಕೈಚೆಲ್ಲುತ್ತಾನೆ. 1909ರಲ್ಲಿ, ನೀವು ಕೇಳಿದಿರೆಂದೇ ಟೊಟೊವನ್ನು ಕರೆತಂದಿದ್ದೇನೆಂದು ರಶೀದಿ ಬರೆದುಕೊಡುವ ಧಾಟಿಯಲ್ಲಿ ನಿವೇದಿಸುತ್ತಾನೆ. 1910ರ ಹೊತ್ತಿಗಂತೂ, ತಾನೊಂದು ಕಾಲದಲ್ಲಿ ಗ್ರಂಥಕರ್ತನೆಂದು ಭಾವಿಸಿದ್ದುಂಟು, ಈಗ ಮಕ್ಕಳ ಆಪ್ತ ಕಾರ್ಯದರ್ಶಿ ಮಾತ್ರ, ಮುಖಪುಟದ ಮೇಲೆ ತನ್ನ ಹೆಸರಿನ ಜೊತೆಗೆ ಪತ್ರ ಬರೆದವರ ಹೆಸರನ್ನೂ ಹಾಕುವುದೇ ನ್ಯಾಯವೇನೋ ಎಂಬ ನಿರ್ವಿಣ್ಣ ಸ್ಥಿತಿಯನ್ನು ತಲುಪಿದ್ದಾನೆ.

ಅದೇ ಪುಸ್ತಕದಲ್ಲಿ ಆತ ಪಾರಾಗುವ ಉಪಾಯವೊಂದನ್ನೂ ಹೂಡಿದನು. ಡೊರೊತಿಯ ಚಿಕ್ಕಪ್ಪ ಚಿಕ್ಕಮ್ಮಂದಿರನ್ನು, ಅಡವಿಟ್ಟ ಹೊಲದ ಸಾಲದಿಂದ ಬಿಡಿಸಿ, ಓಜ್ ದೇಶದಲ್ಲಿಯೇ ನೆಲಸುವಂತೆ ಮಾಡಿದನು. ಶತ್ರುಗಳಿಗೆ ಮರೆವಿನ ಚಿಲುಮೆಯ ನೀರು ಕುಡಿಸಿದನು. ಕಟ್ಟಕಡೆಗೆ ಗ್ಲಿಂಡಾ ಎಂಬ ಮಂತ್ರಗಾತಿಯ ಕೈಯಲ್ಲಿ ಇಡೀ ದೇಶವನ್ನೇ ಹೊರಜಗತ್ತಿನ ಕಣ್ಣಿಗೆ ಅಗೋಚರವಾಗಿಸಿ, ಇನ್ನು ಮುಂದೆ ನಮ್ಮ ಸುದ್ದಿ ನಿಮಗೆ ಸಿಗದೆಂದು ಡೊರೊತಿಯಿಂದಲೇ ಚೀಟಿ ಬರೆಸಿದನು. ಪಾಪ, ಆತನಿಗೆ ನಮ್ಮ ಬೇತಾಳನ ತಂತ್ರ ತಿಳಿದಿರಲಿಲ್ಲ. ‘ಚಂದಮಾಮ’ದ ವಾಚಕರಾಗಿ ಬೆಳೆದ ನಾವು ತಿಂಗಳು ತಿಂಗಳೂ ರಾಜನು ಮೌನ ಮುರಿಯುವುದನ್ನೂ ಶವವು ಮರಕ್ಕೆ ಹಿಂದಿರುಗುವುದನ್ನೂ ಕಂಡು, ಇಷ್ಟು ಸಲ ಮೋಸಹೋದ ರಾಜನಿಗೆ ಬುದ್ಧಿ ಬರಲಿಲ್ಲವೇಕೆಂದು ಒಂದು ಕಾರ್ಡನ್ನೂ ಬರೆಯದೆ ಸುಮ್ಮನಿದ್ದೆವು, ಮುಂದುವರಿಯುವ ಯಂತ್ರವೂ ನಿಲ್ಲುವ ಯಂತ್ರವೂ ಆ ಕಥೆಯೊಳಗೇ ಇದ್ದುದರಿಂದ ತಗಾದೆಗೆ ಎಡೆಯೇ ಇರಲಿಲ್ಲ. ಬಾಮ್ ಬಾಗಿಲನ್ನು ಹೊರಗಿನಿಂದ ಮುಚ್ಚಹೋದನು. ಸಮುದ್ರದ ಯಕ್ಷಿಣಿಯರನ್ನೂ ಆಕಾಶದ ದ್ವೀಪವನ್ನೂ ಕುರಿತು ಬೇರೆ ಕಥೆಗಳನ್ನು ಬರೆದನು. ಅವು ಓಜ್‌ನಷ್ಟು ಖರ್ಚಾಗಲಿಲ್ಲ. ಈ ನಡುವೆ 1911ರಲ್ಲಿ ಆತ ದಿವಾಳಿಯೆದ್ದನು. ಆ ವೇಳೆಗೆ ಸರಿಯಾಗಿ, ನಾಡು ಅಗೋಚರವಾದರೇನಂತೆ, ನಿಸ್ತಂತು ಟೆಲಿಗ್ರಾಫ್ ಮೂಲಕ ಡೊರೊತಿಯನ್ನು ವಿಚಾರಿಸಬಾರದೇಕೆ ಎಂದು ಒಂದು ಮಗು ಕೇಳಿತಂತೆ. ಹಿತ್ತಲಿನಲ್ಲಿ ಎತ್ತರದ ಕಂಬ ನೆಟ್ಟು, ಟೆಲಿಗ್ರಾಫ್ ವಿದ್ಯೆ ಕಲಿತು, ಸುದ್ದಿ ತರಿಸಿಕೊಂಡೆನೆಂಬ ಪೀಠಿಕೆಯೊಡನೆ 1913ರಲ್ಲಿ ಮುಂದಿನ ಪುಸ್ತಕ ಹೊರಟಿತು. ಸಾಲಗಾರರಿಗೆ ತಲೆಮರೆಸಿಕೊಂಡವರುಂಟು, ಛಲ ಬಿಡದ ಬಾಲವಾಚಕರಿಗೆ ತಲೆಮರೆಸಿಕೊಳ್ಳುವಂತಿಲ್ಲ.

ಇದೆಲ್ಲ ನೂರು ವರ್ಷದ ಹಿಂದಿನ ಮಾತು, ಈಗಿನ ಮಕ್ಕಳು ಹೀಗಿಲ್ಲ ಎನ್ನುವವರು 2007ರ ಜುಲೈ 21ರಂದು ನಮ್ಮ ಮನೆಗೆ ಬರಬೇಕಾಗಿತ್ತು. ಹ್ಯಾರಿ ಪಾಟರನ ಏಳನೆಯದೂ ಕಡೆಯದೂ ಆದ ಸಂಪುಟ ಜಗತ್ತಿನಾದ್ಯಂತ ಬಿಡುಗಡೆಯಾದ ಶನಿವಾರ ಅದು. ಪರೀಕ್ಷೆಯ ದಿನ ಕೂಡ ಏಳು ಗಂಟೆಗೆ ಮುಂಚೆ ಹಾಸಿಗೆ ಬಿಡದ ನನ್ನ ಮೊಮ್ಮಗನು ಹಾಲಿನವನಿಗಿಂತ ಮೊದಲೇ ಎದ್ದು, ಸ್ನಾನವನ್ನೂ ಮಾಡಿಕೊಂಡು, ತಂದೆಯನ್ನು ಎಬ್ಬಿಸಿಕೊಂಡು ಹೋಗಿ, ಅಂಗಡಿಯ ಬಾಗಿಲಲ್ಲಿ ಸರದಿ ನಿಂತು, 607 ಪುಟಗಳ ಆ ಸಂಪುಟವನ್ನು ತಂದನು. ಪುಸ್ತಕ ಒಂದು, ಹಕ್ಕುದಾರರು ಇಬ್ಬರು. ಅವನ ತಂಗಿಗೂ ಅವನಿಗೂ ನಡೆದ ಒಪ್ಪಂದದ ಪ್ರಕಾರ ಓದಿದವರು ಓದದವರ ಮುಂದೆ ನಗಕೂಡದು, ಅಳಕೂಡದು, ‘ಅಯ್ಯೋ’ ಎನ್ನಕೂಡದು, ಹುಬ್ಬನ್ನೂ ಎತ್ತಕೂಡದು. ಮಧ್ಯಾಹ್ನದ ಊಟಕ್ಕೆ ಬಂದ ಹುಡುಗನು ಸ್ಥಿತಪ್ರಜ್ಞನ ಮುಖ ಹೊತ್ತು ಕುಳಿತನು; ಆದರೆ ಹುಳಿ ಬಡಿಸಿದಾಗ ತುತ್ತು ಇಳಿಯಲಿಲ್ಲ. ‘ಯಾರೋ ಸತ್ತಿದ್ದಾರೆ’ ಎಂದು ಹುಡುಗಿ ತಕ್ಷಣ ತೀರ್ಮಾನಿಸಿ, ಒಪ್ಪಂದಭಂಗವಾಯಿತೆಂದು ತಾಯಿಯಲ್ಲಿ ದೂರಿಟ್ಟಳು. ಸತ್ತದ್ದು ಹೆಡ್‌ವಿಗ್ ಎಂಬ ಬಿಳಿಯ ಗೂಬೆ. ಮುಂದೆ ಆ ಪುಸ್ತಕದಲ್ಲಿ ಮನುಷ್ಯಮಾತ್ರರು ಅನೇಕರು ಸಾಯುತ್ತಾರೆ. ಅವರಿಗೆಲ್ಲ ನಮ್ಮ ಮನೆಯಲ್ಲಿ ಯಥೋಚಿತ ಗೌರವ ಸಂದಿತು. ಗೂಬೆಗೆ ಮಾತ್ರ ಎರಡು ಹೊತ್ತಿನ ಉಪವಾಸ ನಡೆಯಿತು. ಗೂಬೆ ಮನೆಯ ಮೇಲೆ ಕುಳಿತರೆ ಶಾಂತಿ ಮಾಡಿಸಬೇಕೆಂದು ನಂಬಿ ಬಾಳಿದ ನನ್ನ ಪತ್ನಿಯು, ಗೂಬೆ ಸತ್ತದ್ದಕ್ಕಾಗಿ ಊಟ ಬಿಟ್ಟ ಮೊಮ್ಮಗನನ್ನು ನೋಡಿ, ಏನು ಹೇಳಬೇಕೆಂದು ತೋಚದೆ, ಮೊಸರನ್ನ ಕಲಸಿ ತಂದಳು.

ಎರಡು ದಿನ ಕಳೆದ ಮೇಲೆ ನಾನು, ಸಾಹಿತ್ಯಾಸಕ್ತನಿಗೆ ಉಚಿತವಾದ ಗಾಂಭೀರ್ಯದಿಂದ, ‘ಶೈಲಿ ಹೇಗಿದೆ?’ ಎಂದು ವಿಚಾರಿಸಿದೆ. ಇಬ್ಬರೂ ನನ್ನನ್ನು ಮರುಕದಿಂದ ನೋಡಿದರು. ‘ತಾತ, ಅದೆಲ್ಲ ಇರಲಿ. ಅವನು ದೊಡ್ಡವನಾದ ಮೇಲೆ ಮಗನಿಗೆ ಆಲ್ಬಸ್ ಸೆವೆರಸ್ ಅಂತ ಹೆಸರಿಟ್ಟಿದ್ದಾನೆ. ಅಷ್ಟು ವರ್ಷ ಗೋಳುಹೊಯ್ದುಕೊಂಡ ಮೇಷ್ಟ್ರ ಹೆಸರು! ಹ್ಯಾಗ್ರಿಡ್ ಅಂತ ಇಡಬಾರದಿತ್ತಾ?’ ಎಂದಳು ಹುಡುಗಿ. ಕಥಾನಾಯಕನ ಮಗನ ನಾಮಕರಣಕ್ಕೆ ತನ್ನನ್ನು ಕರೆಯದೆ ಬಿಟ್ಟುದರ ಅಸಮಾಧಾನ ಆ ಸ್ವರದಲ್ಲಿ ಸ್ಪಷ್ಟವಾಗಿತ್ತು. ವೃತ್ತಪತ್ರಿಕೆಗಳಲ್ಲಿ ಆ ವಾರ ಬಂದ ವಿಮರ್ಶೆಗಳನ್ನೂ ನಾನು ಓದಿದೆ. ಅವುಗಳಲ್ಲಿ ಪುರಾಣಪ್ರತೀಕಗಳ ಪ್ರಸ್ತಾಪವಿತ್ತು. ನಾಮಕರಣದ ಮಾತನ್ನು, ನಾನು ಕಂಡಮಟ್ಟಿಗೆ, ಯಾರೂ ಎತ್ತಿರಲಿಲ್ಲ.

ಈ ವಿಷಯದಲ್ಲಿ ಜಾಣತನ ತೋರಿದವನೆಂದರೆ ನಾರ್ನಿಯಾ ಕಥೆಗಳ ಕರ್ತೃ ಸಿ. ಎಸ್. ಲೂಯಿಸ್. ಆತ 1950ರಿಂದ 1956ರವರೆಗೆ ಏಳು ಪುಸ್ತಕಗಳನ್ನು ಹೊರತಂದು, ಏಳನೆಯದರಲ್ಲಿ ಆ ಲೋಕಕ್ಕೇ ಪ್ರಳಯವನ್ನು ತರಿಸಿ ಕೈತೊಳೆದುಕೊಂಡನು. ಇನ್ನೂ ಬರೆಯಿರೆಂದು ಕೇಳಿದ ಮಗುವೊಂದಕ್ಕೆ, ನಡುವೆ ಬಿಟ್ಟಿರುವ ಸಂದುಗಳನ್ನು ನೀನೇ ಕಥೆ ಬರೆದು ತುಂಬಬಹುದಲ್ಲ ಎಂದು ಉತ್ತರಿಸಿದನಂತೆ. ಆಕ್ಸ್‌ಫರ್ಡಿನಲ್ಲಿಯೂ ಕೇಂಬ್ರಿಡ್ಜಿನಲ್ಲಿಯೂ ಪಾಠ ಹೇಳಿದವನಿಗೆ ಕೆಲಸವನ್ನು ವಿದ್ಯಾರ್ಥಿಯ ಹೆಗಲಿಗೇರಿಸುವ ವಿದ್ಯೆ ಹೇಳಿಕೊಡಬೇಕೆ?

ಬಾಮ್ ಅಂಥವನಲ್ಲ, ಬಾಕಿಗಳನ್ನೆಲ್ಲ ತೀರಿಸುತ್ತ ಹೋದನು. ಓಜ್ ದೇಶದಲ್ಲಿ ಮೃಗಪಕ್ಷಿಗಳೆಲ್ಲ ಮಾತಾಡುವಾಗ ಟೊಟೊ ಮಾತ್ರ ಬೊಗಳುವುದೇಕೆಂಬ ನ್ಯಾಯವಾದ ಆಕ್ಷೇಪಣೆಯೊಂದು ಬಹುಕಾಲ ಉಳಿದಿತ್ತು. 1914ರ ಪುಸ್ತಕದಲ್ಲಿ ಟೊಟೊಗೆ ಮೊದಲಿನಿಂದಲೂ ಮಾತು ಬರುತ್ತಿತ್ತು, ಆಡಲು ಇಷ್ಟವಿರಲಿಲ್ಲ ಎಂದು ತೀರ್ಪಾಯಿತು. ಮಾತು ಬಂದೂ ಆಡದಿರುವವರು ನನಗೆ ತಿಳಿದಂತೆ ಆ ನಾಯಿಯೊಂದೇ. ಇನ್ನೊಂದು ಹಳೆಯ ಬಾಕಿ ತಗಡಿನ ಮನುಷ್ಯನದು. ಅವನು ಮೊದಲು ರಕ್ತಮಾಂಸಗಳುಳ್ಳವನೇ, ಒಬ್ಬ ಹುಡುಗಿಯನ್ನು ಮದುವೆಯಾಗಬೇಕೆಂದಿದ್ದಾಗ ಮಾಟಗಾತಿಯ ಮಂತ್ರದಿಂದ ಅವನ ಕೊಡಲಿಯೇ ಅವನ ಅಂಗಾಂಗಗಳನ್ನು ಒಂದೊಂದಾಗಿ ಕಡಿಯಿತು, ತಗಡಿನ ಕೆಲಸದವನು ಒಂದೊಂದಾಗಿ ತಗಡಿನಲ್ಲಿ ಕೂಡಿಸಿದನು, ಮದುವೆ ನಿಂತಿತು. ಹೃದಯ ದೊರೆತ ಮೇಲೆ ಆ ಹುಡುಗಿಯನ್ನು ವಿಚಾರಿಸಿದನೇ ಎಂದು ಮಕ್ಕಳು ವರ್ಷಗಟ್ಟಲೆ ಕೇಳಿದರು. 1918ರಲ್ಲಿ ಬಾಮ್ ಅವನನ್ನು ಹೊರಡಿಸಿದನು. ದಾರಿಯಲ್ಲಿ ಅದೇ ಹುಡುಗಿಯನ್ನು ಪ್ರೀತಿಸಿ ಅದೇ ದುರ್ಗತಿಗೊಳಗಾದ ತಗಡಿನ ಸಿಪಾಯಿಯೊಬ್ಬ ಜೊತೆಯಾದನು. ಇಬ್ಬರೂ ಹೋಗಿ ನೋಡಿದರೆ, ಇಬ್ಬರ ಕಡಿದ ಕೈಕಾಲುಗಳನ್ನೂ ಮಂತ್ರದ ಅಂಟಿನಿಂದ ಅಂಟಿಸಿ ಮಾಡಿದ ಒಬ್ಬ ಗಂಡನೊಡನೆ ಆಕೆ ಸಂಸಾರ ಹೂಡಿದ್ದಾಳೆ! ನೀರು ಸೇದುವುದನ್ನೂ ಎಲೆಕೋಸಿನ ಪಾತಿ ಕೆದಕುವುದನ್ನೂ ಇವನಿಗೆ ಕಷ್ಟಪಟ್ಟು ಕಲಿಸಿದ್ದಾಗಿದೆ, ಇನ್ನೊಬ್ಬನನ್ನು ಮೊದಲಿನಿಂದ ಪಳಗಿಸಲು ತನ್ನಿಂದಾಗದೆಂದು ಹೇಳಿ ತಗಡಿನವರಿಬ್ಬರನ್ನೂ ಸಾಗಹಾಕುತ್ತಾಳೆ. ದಾಂಪತ್ಯವನ್ನು ಕುರಿತು ನಾನು ಓದಿರುವ ಗಂಭೀರ ಕಾದಂಬರಿಗಳಲ್ಲಿ ಇಷ್ಟು ಯಥಾರ್ಥವಾದ ಅಧ್ಯಾಯ ಹೆಚ್ಚಾಗಿಲ್ಲ. ಅದನ್ನು ಬರೆಯಿಸಿದವರು ಮಕ್ಕಳು.

1919ರ ಮೇ ತಿಂಗಳಲ್ಲಿ ಬಾಮ್ ತೀರಿಕೊಂಡನು. ಹದಿನಾಲ್ಕನೆಯ ಪುಸ್ತಕ ಮರುವರ್ಷ ಹೊರಬಂತು. ಕರ್ತೃವಿನ ಮರಣವನ್ನೂ ತಗಾದೆದಾರರು ತಕ್ಕ ಕಾರಣವೆಂದು ಪರಿಗಣಿಸಲಿಲ್ಲವೆಂದು ತೋರುತ್ತದೆ. 1921ರಲ್ಲಿ ರೂತ್ ಪ್ಲಮ್ಲಿ ಥಾಂಪ್ಸನ್ ಎಂಬಾಕೆ ಲೇಖನಿ ಹಿಡಿದಳು. ಆಕೆಯ ಮೊದಲ ಪುಸ್ತಕವನ್ನು ಬಾಮ್‌ನ ಹೆಸರಿನಲ್ಲಿಯೇ ಅಚ್ಚು ಹಾಕಿಸಿದರು. ಆಕೆ 1939ರೊಳಗೆ ಹತ್ತೊಂಬತ್ತು ಬರೆದಳು. ಬಳಿಕ, ಚಿತ್ರ ಬರೆಯುತ್ತಿದ್ದ ಜಾನ್ ನೀಲ್ ಕೂಡ ಮೂರನ್ನು ಬರೆಯಬೇಕಾಯಿತು.

ತಗಡಿನ ಮನುಷ್ಯನ ಪ್ರೇಮಪ್ರಕರಣವನ್ನು ನಾನು ಈಚೆಗೆ ಕಿರಿಯ ಮೊಮ್ಮಗಳಿಗೆ ಕನ್ನಡದಲ್ಲಿ ಹೇಳಿದೆ. ಅದರಲ್ಲೊಂದು ಪ್ರಸಂಗ ಬರುತ್ತದೆ: ಅಂಟಿಸಿದ ಗಂಡನಿಗೆ ಸಿಪಾಯಿಯ ತಲೆ ಸಾಕಾದ್ದರಿಂದ, ತಗಡಿನ ಮನುಷ್ಯನ ಹಳೆಯ ತಲೆಯು ತಗಡಿನ ಕೆಲಸದವನ ಬೀರುವಿನಲ್ಲಿ ಜೀವಂತವಾಗಿ ಉಳಿದಿರುತ್ತದೆ; ಅವನು ಬಾಗಿಲು ತೆರೆದು ತನ್ನ ತಲೆಯನ್ನು ತಾನೇ ಮಾತಾಡಿಸುತ್ತಾನೆ; ತಲೆ ಸಿಡುಕಿನಿಂದ ಉತ್ತರ ಹೇಳುತ್ತದೆ. ಸ್ವಸ್ವರೂಪಾನುಸಂಧಾನಕ್ಕೆ ಇದಕ್ಕಿಂತ ಉತ್ತಮ ದೃಷ್ಟಾಂತವುಂಟೇ ಎಂದು ನಾನು ಒಳಗೊಳಗೇ ಹಿಗ್ಗುತ್ತಿರುವಾಗ ಆಕೆ ಕೇಳಿದಳು:

‘ತಾತ, ಆ ತಲೆಗೆ ಕ್ಷೌರ ಯಾರು ಮಾಡ್ತಾರೆ?’

ಬರೆದವರು ತೀರಿಕೊಂಡು ಬಹಳ ವರ್ಷವಾಯಿತು, ಕೇಳುವುದಕ್ಕೆ ಯಾರೂ ಇಲ್ಲ ಮರಿ, ಎಂದೆ.

‘ನೀವೂ ಬರೀತೀರಲ್ಲ’ ಎಂದು, ಗೆರೆಯಿರುವ ಹಾಳೆಯನ್ನೂ ಪೆನ್ಸಿಲ್ಲನ್ನೂ ನನ್ನ ಮುಂದಿಟ್ಟು, ಹಾಲು ಕುಡಿದು ಬರುವುದರೊಳಗೆ ಆಗಬೇಕೆಂದು ಹೇಳಿ ಅಡಿಗೆಮನೆಗೆ ಹೋದಳು.