ಬಿಟ್ಟಿ ಚಾಕರಿಗೊಂದು ವೀಸಾ

ನಮ್ಮ ನಿಜಲಿಂಗಪ್ಪ ಬಡಾವಣೆಯಲ್ಲಿ ಕಲ್ಲು ಬೀರಿದರೆ ಅದು ವಿದೇಶಕ್ಕೆ ಹೋಗಿಬಂದ ಯಾರದಾದರೂ ಮನೆಯ ಮೇಲೇ ಬೀಳುತ್ತದೆ. ಮಗಳ ಬಾಣಂತನ, ಸೊಸೆಯ ಬಾಣಂತನ, ಮೊಮ್ಮಗನ ನಾಮಕರಣ, ಒಟ್ಟಿನಲ್ಲಿ ಏನೋ ಒಂದು ನೆಪ. ನನ್ನ ಮಕ್ಕಳು ಬೆಂಗಳೂರು ದಾಟಿದವರಲ್ಲ. ಹಾಗಾಗಿ ಸಂಜೆ ಪಾರ್ಕಿನ ಬೆಂಚಿನಲ್ಲಿ ವೀಸಾ ಪುರಾಣ ಶುರುವಾದರೆ ನಾನು ಬರೀ ಹ್ಞೂಂಗುಟ್ಟುವವನು. "ನಮಗೆ ಹತ್ತು ವರ್ಷದ್ದು ಕೊಟ್ಟಾರೆ" ಎಂದು ಒಬ್ಬರು ಅಮೆರಿಕದ ವೀಸಾವನ್ನು ಸೈಟಿನ ಕ್ರಯಪತ್ರದ ಹಾಗೆ ವರ್ಣಿಸುತ್ತಿದ್ದರು. ಹತ್ತು ವರ್ಷ ಅನ್ನುವುದು ಬಾಗಿಲು ತಟ್ಟಲು ಕೊಟ್ಟ ಅವಕಾಶ ಅಷ್ಟೆ. ಒಳಗೆ ಎಷ್ಟು ದಿನ ಕೂರಬೇಕೆಂದು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ ಪ್ರತಿ ಸಲವೂ ಹೊಸದಾಗಿ ತೀರ್ಮಾನಿಸುತ್ತಾನೆ, ಸಾಮಾನ್ಯವಾಗಿ ಆರು ತಿಂಗಳು. ಇದನ್ನು ಓದಿ ತಿಳಿದ ದಿನವೇ ಬೆಂಚಿನಲ್ಲಿ ಹೇಳಿ ಒಬ್ಬ ಸ್ನೇಹಿತರನ್ನು ಕಳೆದುಕೊಂಡೆ.

ನಾನು ಇದನ್ನೆಲ್ಲ ಓದಲು ಕಾರಣ ನನ್ನ ಹೆಂಡತಿಯ ಅಣ್ಣನ ಮಗ. ಲಂಡನ್ನಿನ ಹೊರವಲಯದಲ್ಲಿದ್ದಾನೆ. ಒಂದು ರಾತ್ರಿ ಫೋನು ಮಾಡಿ, "ಮಾವ, ಇಲ್ಲಿ ನಮ್ ಹುಡುಗರಿಗೆ ಭಾನುವಾರ ಕನ್ನಡ ಹೇಳಿಕೊಡೋರೇ ಇಲ್ಲ. ನೀವು, ಅತ್ತೆ, ಅಜ್ಜಿ ಮೂರೂ ಜನ ಬಂದು ಒಂದು ವರ್ಷ ಇದ್ದುಬಿಡಿ. ಊಟ, ರೂಮು ನಮ್ದು. ಸಂಬಳ ಮಾತ್ರ ಇರಲ್ಲ" ಎಂದ.

ಸಂಬಳವಿಲ್ಲ ಅಂದಮೇಲೆ ತಕರಾರಿಗೆ ಜಾಗವೆಲ್ಲಿ? ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಸಂಧಿ, ಸಮಾಸ ಎಂದು ಬಾಯಿ ತೆರೆದರೆ ನಮ್ಮ ಬೀದಿಯ ಮಕ್ಕಳು ಸೈಕಲ್ಲು ಹತ್ತುತ್ತಾರೆ. ಥೇಮ್ಸ್ ದಡದಲ್ಲಿ ಸಾಲಾಗಿ ಕೂತು ಗುಣಸಂಧಿ ಒಪ್ಪಿಸುವ ಮಕ್ಕಳು ಅಂದು ರಾತ್ರಿಯೇ ಕನಸಿಗೆ ಬಂದರು. ಮರುದಿನ ಬೆಂಚಿನಲ್ಲಿ ಘೋಷಿಸಿದೆ: "ಸೇವೆಗೆ ಕರೆದಾರೆ." ಮೆಣಸಿನಕಾಯಿ ಮಂಡಕ್ಕಿ ಮೆಲ್ಲುತ್ತಿದ್ದ ಬಾಯಿಗಳು ಅರ್ಧಕ್ಕೇ ನಿಂತವು. ಬಾಣಂತಿಯಲ್ಲ, ಮೊಮ್ಮಗುವಲ್ಲ, ನನ್ನನ್ನು ಒಂದು ದೇಶವೇ ಕರೆದಿದೆ!

ಆ ದೇಶದ ಅಭಿಪ್ರಾಯ ಬೇರೆ ಇತ್ತು. ಸುಮ್ಮನೆ ಊರು ನೋಡಲು ಹೋದರೆ ಬ್ರಿಟನ್ನಿನಲ್ಲಿ ಆರು ತಿಂಗಳು ಇರಬಹುದು. ಆಗ ನೋಂದಾಯಿತ ಸೇವಾಸಂಸ್ಥೆಗೆ ಪುಕ್ಕಟೆ ದುಡಿಯಲೂಬಹುದು, ಆದರೆ ಒಟ್ಟು 30 ದಿನ ಮೀರುವಂತಿಲ್ಲ. ಮೂವತ್ತೊಂದನೆಯ ದಿನ 'ಅ ಆ ಇ ಈ' ಅಂದರೆ ಕಾನೂನುಭಂಗ. ಅದಕ್ಕಿಂತ ಹೆಚ್ಚು ಸೇವೆಯ ಚಟವಿದ್ದವರಿಗೆ ಚಾರಿಟಿ ವರ್ಕರ್ ವೀಸಾ ಎಂದಿದೆ. ಗರಿಷ್ಠ 12 ತಿಂಗಳು. ಸಂಬಳ ಮುಟ್ಟುವಂತಿಲ್ಲ, ಕಾಯಂ ಹುದ್ದೆಯಲ್ಲಿ ಕೂರುವಂತಿಲ್ಲ, ಕರೆಸಿಕೊಳ್ಳುವ ಸಂಸ್ಥೆಗೆ ಅಲ್ಲಿನ ಗೃಹ ಇಲಾಖೆಯ ಲೈಸೆನ್ಸ್ ಇರಬೇಕು. ನಮ್ಮ ಹುಡುಗನ ಸಂಸ್ಥೆ ಎಂದರೆ ಒಂದು ವಾಟ್ಸಾಪ್ ಗುಂಪು ಮತ್ತು ಭಾನುವಾರ ಬಾಡಿಗೆಗೆ ಸಿಗುವ ಒಂದು ಕೋಣೆ. "ಲೈಸೆನ್ಸ್ ತಾನೆ, ಮಾಡಿಸಿದ್ರಾಯ್ತು ಬಿಡಿ ಮಾವ" ಎಂದ.

ಮಜಾ ಇರುವುದು ಮುಂದೆ. ಬಿಟ್ಟಿ ದುಡಿಯಲು ಹೋಗುವವನ ಖಾತೆಯಲ್ಲಿ 1,270 ಪೌಂಡು 28 ದಿನ ಅಲುಗಾಡದೆ ಮಲಗಿರಬೇಕು. ಹೆಂಡತಿಯೂ ಜೊತೆಗೆ ಹೊರಟರೆ ಅವಳ ಲೆಕ್ಕಕ್ಕೆ ಇನ್ನೂ 285 ಪೌಂಡು. ಅಲ್ಲಿ ಕಾಯಿಲೆ ಬಿದ್ದರೆ ಎಂದು ಇಲ್ಲಿಂದಲೇ ತಲೆಗೆ ವರ್ಷಕ್ಕೆ 1,035 ಪೌಂಡು ಕಟ್ಟಬೇಕು. ಇಬ್ಬರದೂ ಸೇರಿ ಎರಡು ಲಕ್ಷ ರೂಪಾಯಿಗೂ ಮೇಲೆ. ಆರು ತಿಂಗಳಿಗಿಂತ ಹೆಚ್ಚು ಇರುವವರಾದ್ದರಿಂದ ಕ್ಷಯವಿಲ್ಲವೆಂದು ಎದೆಯ ಎಕ್ಸ್‌ರೇ ಬೇರೆ. ಗುಣಸಂಧಿಗೆ ಇಷ್ಟು ಬೆಲೆ ಇದೆಯೆಂದು ನನಗೆ ಸರ್ವೀಸಿನಲ್ಲಿದ್ದಾಗ ಯಾರೂ ಹೇಳಿರಲಿಲ್ಲ.

ಹಿಂದಿನವರು ಪುಣ್ಯವಂತರು. 1833ರ ಚಾರ್ಟರ್ ಕಾಯ್ದೆ ಇಂಗ್ಲಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆಗೆಯಿತು, ಮರುವರ್ಷವೇ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಇಳಿದರು. 1853ರಲ್ಲಿ ಬಂದ ಕಿಟ್ಟೆಲ್ ಸಾಹೇಬರು ಮಂಗಳೂರು, ಧಾರವಾಡ, ಮಡಿಕೇರಿ ಎಂದು ಸಂಸಾರ ಸಮೇತ ಓಡಾಡಿಕೊಂಡು, ನಮ್ಮ ಭಾಷೆಯನ್ನು ನಮಗಿಂತ ಚೆನ್ನಾಗಿ ಕಲಿತು, 1894ರಲ್ಲಿ ಸುಮಾರು 70 ಸಾವಿರ ಪದಗಳ ನಿಘಂಟನ್ನು ಕೈಗಿಟ್ಟರು. ಅವರ ಎದೆಯ ಎಕ್ಸ್‌ರೇ ಯಾರೂ ಕೇಳಲಿಲ್ಲ. ಎಕ್ಸ್‌ರೇ ಕಂಡುಹಿಡಿದದ್ದೇ 1895ರಲ್ಲಿ ಎನ್ನುವುದು ಬೇರೆ ಮಾತು.

ಒಬ್ಬ ಏಜೆಂಟನನ್ನೂ ಕೇಳಿದೆ. ಅವನು ನನ್ನ ಫೈಲನ್ನು ತೆರೆಯಲೂ ಇಲ್ಲ. "ಸರ್, ಸೇವೆ ಅನ್ನೋ ಮಾತು ಬಾಯಿಂದ ಬರಬಾರದು. ಟವರ್ ಬ್ರಿಡ್ಜ್ ನೋಡಾಕೆ ಅಂತ ಹಾಕಿ. ಅಲ್ಲಿ ಹೋದಮೇಲೆ ನೀವು ಏನು ಮಾಡ್ತೀರಿ ಅಂತ ಯಾರು ನೋಡ್ತಾರೆ?" ನನಗೆ ಸಿಟ್ಟು ನೆತ್ತಿಗೇರಿತು. ಮಕ್ಕಳಿಗೆ 'ಸತ್ಯಕ್ಕೆ ಸಾವಿಲ್ಲ' ಎಂದು ಕಾಪಿ ಬರೆಸಲು ಹೋಗುವವನು ಸುಳ್ಳಿನ ಟಿಕೆಟ್ಟಿನಲ್ಲಿ ಹೋಗಬೇಕೆ? ಅವನ ಫೀಸು ಕೇಳಿದ ಮೇಲೆ ಸಿಟ್ಟು ಇನ್ನೂ ಪ್ರಾಮಾಣಿಕವಾಯಿತು.

ಇರಲಿ, ನೆಟ್ಟಗಿನ ದಾರಿಯಲ್ಲೇ ಹೋಗೋಣವೆಂದು ಕಾಗದಪತ್ರ ಜೋಡಿಸಲು ಕೂತಾಗ ಗೊತ್ತಾದದ್ದು: ನಾನೂ ನನ್ನ ಹೆಂಡತಿಯೂ ಗಂಡ ಹೆಂಡತಿ ಎನ್ನುವುದಕ್ಕೆ ಸರ್ಕಾರದ ಒಂದು ಚೀಟಿಯೂ ಇಲ್ಲ. ನಮ್ಮ ಮದುವೆ 1984ರಲ್ಲಿ ಹರಿಹರದ ಒಂದು ಛತ್ರದಲ್ಲಿ ಆಯಿತು. ಆಗ ಮದುವೆ ನೋಂದಣಿ ಎಂದರೆ ಓಡಿಹೋದವರು ಮಾಡಿಸುವುದು. ಎಲ್ಲ ಮದುವೆಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ, ಅದೂ ಫೆಬ್ರುವರಿ 14ರಂದು. ಅಷ್ಟು ಹೊತ್ತಿಗೆ ನಮ್ಮ ನಡುವೆ ಪ್ರೇಮಿಗಳ ದಿನದ ಮಾತು ನಿಂತುಹೋಗಿತ್ತು.

ನೋಂದಣಿಗೆ ಲಗ್ನಪತ್ರಿಕೆ ಬೇಕು, ಮದುವೆಯ ಫೋಟೊ ಬೇಕು, ಮೂವರು ಸಾಕ್ಷಿಗಳು ಬೇಕು. ಲಗ್ನಪತ್ರಿಕೆ ಟ್ರಂಕಿನ ತಳದಲ್ಲಿ ಸಿಕ್ಕಿತು. ಸುಖಾಗಮನ ಬಯಸುವವರ ಪಟ್ಟಿಯ ದಟ್ಟಣೆಯಲ್ಲಿ ವರನ ಹೆಸರನ್ನು ಭೂತಗನ್ನಡಿ ಹಿಡಿದು ಹುಡುಕಬೇಕಾಯಿತು. ಆಮೇಲೆ ಆಲ್ಬಮ್ಮು. ಕಪ್ಪು ಹಾಳೆ, ನಾಲ್ಕು ಮೂಲೆಗೆ ಅಂಟಿಸಿದ ಫೋಟೊ, ನಡುನಡುವೆ ಜೇಡರಬಲೆಯ ಚಿತ್ತಾರದ ತೆಳುಕಾಗದ. ಧಾರೆಯ ಫೋಟೊ ತೆಗೆದೆ. ನನ್ನ ಮುಖವನ್ನು ಬಾಸಿಂಗ ಪೂರ್ತಿ ನುಂಗಿದೆ. ಅವಳು ತಲೆ ತಗ್ಗಿಸಿದ್ದಾಳೆ. ಬೈತಲೆಬೊಟ್ಟು ಮಾತ್ರ ಕಾಣುತ್ತದೆ. ನಮ್ಮಿಬ್ಬರ ನಡುವೆ, ಹಿಂದುಗಡೆ, ಸಫಾರಿ ಸೂಟು ತೊಟ್ಟ ಒಬ್ಬ ಗೃಹಸ್ಥ ನೇರ ಕ್ಯಾಮೆರಾ ನೋಡಿ ನಗುತ್ತಿದ್ದಾನೆ. ಅವನ ಮೀಸೆಯ ಕೂದಲನ್ನೂ ಎಣಿಸಬಹುದು.

"ಯಾರೇ ಇವನು?"

"ನಿಮ್ ಕಡೆಯೋರಲ್ವಾ?"

ಪುಟ ತಿರುಗಿಸಿದೆ. ತಾಳಿ ಕಟ್ಟುವಾಗ ತಟ್ಟೆ ಹಿಡಿದವನು ಅವನೇ. ಅಕ್ಷತೆ ಹಂಚುತ್ತಿರುವವನೂ ಅವನೇ. ಊಟದ ಪಂಕ್ತಿಯಲ್ಲಿ ಸಫಾರಿಯ ತೋಳು ಮಡಚಿ ಸಾರಿನ ಬಕೆಟ್ ಹಿಡಿದಿದ್ದಾನೆ. ಎಲೆಯ ಮುಂದೆ ಕೂತ ನನ್ನ ಅಪ್ಪ ಅವನಿಗೆ ಏನೋ ಹೇಳಿ ನಗುತ್ತಿದ್ದಾರೆ. ಹೆಣ್ಣು ಕಳಿಸುವ ಫೋಟೊದಲ್ಲಿ ನನ್ನ ಅತ್ತೆ ಅಳುತ್ತಿದ್ದಾರೆ, ಪಕ್ಕದಲ್ಲಿ ಇವನು ಕರವಸ್ತ್ರ ಹಿಡಿದು ನಿಂತಿದ್ದಾನೆ. ಅವನ ಕಣ್ಣೂ ಒದ್ದೆ. ನನ್ನ ಮದುವೆಯಲ್ಲಿ ನನಗಿಂತ ಹೆಚ್ಚು ಹೊತ್ತು ಮದುವೆಯಲ್ಲಿದ್ದವನು ಈ ಮಹಾಶಯ. ಇಷ್ಟು ವರ್ಷ ನಾನು ಅವನನ್ನು ಬೀಗರ ಕಡೆಯವನೆಂದು ಗೌರವಿಸಿದ್ದೆ, ಅವಳು ನಮ್ಮ ಕಡೆಯವನೆಂದು ಸಹಿಸಿದ್ದಳು.

ಹರಿಹರದ ಸೋದರಮಾವನಿಗೆ ಫೋನು ಮಾಡಿದೆ. "ಅಯ್ಯೋ, ಆ ಕಾಲಕ್ಕೆ ಹರಿಹರದಾಗೆ ಸಫಾರಿ ಹಾಕ್ಕೊಂಡು ಬಂದೋರೆಲ್ಲ ಕಿರ್ಲೋಸ್ಕರ್ ಕಂಪನಿಯೋರು ಅಂತ ಲೆಕ್ಕ. ಕುರ್ಚಿ ಹಾಕ್ತಿದ್ವಿ, ಹೆಸರು ಯಾರು ಕೇಳ್ತಿದ್ರು?" ಎಂದರು. ಫೋಟೊವನ್ನು ವಂಶದ ವಾಟ್ಸಾಪ್ ಗುಂಪಿಗೆ ಬಿಟ್ಟೆ. ಒಬ್ಬರು ಬ್ಯಾಂಕ್ ಮ್ಯಾನೇಜರ್ ಅಂದರು, ಒಬ್ಬರು ಕಾಟನ್ ಮಿಲ್ಲಿನವನು ಅಂದರು, ಇನ್ನೊಬ್ಬರು ನಮ್ಮ ಪೆಟ್ಟಿಗೆಯನ್ನು ರೈಲ್ವೆ ಸ್ಟೇಷನ್ನಿನವರೆಗೂ ಹೊತ್ತು ತಂದ ಪುಣ್ಯಾತ್ಮ ಅಂದರು. ರಾತ್ರಿ ಚಿಕ್ಕಪ್ಪನ ಮಗಳು ಒಂದು ಫೋಟೊ ಕಳಿಸಿದಳು. ನಮ್ಮದಾದ ಎರಡು ವರ್ಷಕ್ಕೆ ನಡೆದ ಅವಳ ಮದುವೆ. ಅದೇ ಸಫಾರಿ, ಅದೇ ನಗು, ಕೈಯಲ್ಲಿ ಹೋಳಿಗೆಯ ಬುಟ್ಟಿ. ಮಹಾಶಯನ ಹತ್ತಿರ ಬಹುಪ್ರವೇಶದ ವೀಸಾ ಇತ್ತು!

ಕಾನೂನಿಗೆ ಬೇಕಾದದ್ದು ಮದುವೆ ಕಂಡ ಸಾಕ್ಷಿ. ನಮ್ಮಿಬ್ಬರಿಗಿಂತ ಚೆನ್ನಾಗಿ ಅದನ್ನು ಕಂಡವನು ಇವನೊಬ್ಬನೇ. ಆದರೆ ಹೆಸರಿಲ್ಲ, ವಿಳಾಸವಿಲ್ಲ. ಕೊನೆಗೆ ಸೋದರಮಾವ, ಅವರ ತಮ್ಮ, ಹೆಂಡತಿಯ ಗೆಳತಿ, ಈ ಮೂವರೇ ಗತಿಯಾದರು. ದಾರಿಯುದ್ದಕ್ಕೂ ಸೋದರಮಾವ ಜ್ಞಾಪಿಸಿಕೊಂಡದ್ದು ಹೋಳಿಗೆಗೆ ತುಪ್ಪ ಸಾಲದೆ ಹೋದದ್ದನ್ನು ಮಾತ್ರ. ಕಚೇರಿಯ ಸಾಲಿನಲ್ಲಿ ನಮ್ಮ ಮುಂದೆ ಒಂದು ಹರೆಯದ ಜೋಡಿ ಬೆವರುತ್ತ ನಿಂತಿತ್ತು. ಹುಡುಗ ನಮ್ಮಿಬ್ಬರನ್ನೂ ಕರುಣೆಯಿಂದ ನೋಡಿ, "ಅಂಕಲ್, ನಿಮ್ ಮನೇಲೂ ಒಪ್ಪಲಿಲ್ವಾ?" ಎಂದ. "ಒಪ್ಪಿದ್ರಪ್ಪ, ಅಲ್ಲೇ ಎಡವಟ್ಟಾಗಿದ್ದು" ಎಂದಳು ನನ್ನಾಕೆ. ಅರ್ಧ ದಿನದಲ್ಲಿ ನಾವು ಅಧಿಕೃತ ದಂಪತಿಗಳಾದೆವು.

ಇಷ್ಟೆಲ್ಲ ಆದಮೇಲೆ ಅವ್ವನ ಅರ್ಜಿ ತೆಗೆದೆ. ಅವ್ವನಿಗೆ ಎಂಬತ್ತು ದಾಟಿದೆ. ಈ ವೀಸಾದ ಪ್ರಕಾರ ಕುಟುಂಬ ಎಂದರೆ ಗಂಡ ಅಥವಾ ಹೆಂಡತಿ, ಹದಿನೆಂಟರೊಳಗಿನ ಮಕ್ಕಳು. ಅವ್ವ ಅದರಲ್ಲಿಲ್ಲ. ಕೆನಡಾದಲ್ಲಿ ಸೂಪರ್ ವೀಸಾ ಇದೆ, ಲಕ್ಷ ಡಾಲರಿನ ವಿಮೆ ಮಾಡಿಸಿದರೆ ತಂದೆತಾಯಿ ಒಮ್ಮೆಗೆ ಐದು ವರ್ಷ ಇರಬಹುದು. ಆಸ್ಟ್ರೇಲಿಯಾದಲ್ಲಿ ಮೂರು ಅಥವಾ ಐದು ವರ್ಷದ್ದು ಇದೆ. ಎಲ್ಲದಕ್ಕೂ ಒಂದೇ ಷರತ್ತು, ಮಗನೋ ಮಗಳೋ ಅಲ್ಲಿ ನೆಲೆಸಿರಬೇಕು. ಅವ್ವನ ಮಗ ನೆಲೆಸಿರುವುದು ನಿಜಲಿಂಗಪ್ಪ ಬಡಾವಣೆಯಲ್ಲಿ.

ಪಾರ್ಕಿನಲ್ಲಿ ಇದನ್ನು ಹೇಳಿಕೊಂಡಾಗ ಬೆಂಚಿನ ಗಂಡಸರು ಕಾನೂನು ಚರ್ಚೆಗಿಳಿದರು. ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹೆಂಗಸು, ಹತ್ತು ವರ್ಷದ ವೀಸಾದವರ ಮನೆಯವರೇ, ಮೊದಲ ಸಲ ಬಾಯಿ ಬಿಟ್ಟರು. "ನಾನು ಹೋದಾಗೆಲ್ಲ ಬೆಳಿಗ್ಗೆ ಐದಕ್ಕೆ ಏಳ್ತಿದ್ದೆ ಸಾರ್. ಕೂಸಿಗೆ ಎಣ್ಣೆ ನೀರು, ಬಾಣಂತಿಗೆ ಪಥ್ಯ, ಅವರಿಬ್ಬರಿಗೆ ಡಬ್ಬಿ. ಹೊರಗೆ ಹಿಮ. ನಯಾಗರಾ ತೋರಿಸಿದ್ದು ವಾಪಸ್ ಬರೋ ವಾರ. ವೀಸಾದಾಗೆ ಮಾತ್ರ ಪ್ರವಾಸ ಅಂತ ಐತೆ." ಬ್ರಿಟನ್ನಿನ ನಿಯಮದಲ್ಲಿ ಇದಕ್ಕೂ ಒಂದು ಸಾಲಿದೆ: ನೆಂಟರು ಬಂದು ಅಲ್ಪಕಾಲ ಮಗು ನೋಡಿಕೊಂಡರೆ ಅಡ್ಡಿಯಿಲ್ಲ, ಅದು ಆಯಾ ಕೆಲಸವಾಗಬಾರದು. ನೋಡಿಕೊಳ್ಳುವುದು ಎಲ್ಲಿ ಮುಗಿದು ಕೆಲಸ ಎಲ್ಲಿ ಶುರುವಾಗುತ್ತದೆಂದು ಆ ತಾಯಿಯನ್ನು ಕೇಳುವ ಧೈರ್ಯ ನನಗಾಗಲಿಲ್ಲ. ವಾರಕ್ಕೊಂದು ದಿನ ಗುಣಸಂಧಿ ಹೇಳಲು ಹೊರಟ ನಾನು ಈ ಬೆಂಚಿನಲ್ಲಿ ಸೇವಾಕರ್ತ. ಆರಾರು ತಿಂಗಳು ಎರಡು ಮನೆ ನಿಭಾಯಿಸಿದವರು ಬಾಣಂತನಕ್ಕೆ ಹೋಗಿಬಂದವರು. ಅಂದು ಯಾರೂ ಹೆಚ್ಚು ಮಾತಾಡಲಿಲ್ಲ.

ಲಂಡನ್ನಿಗೆ ಹೋಗುವುದನ್ನು ಕೈಬಿಟ್ಟೆವು. ಅವ್ವನನ್ನು ಯಾರ ಮನೆಯಲ್ಲಾದರೂ ಬಿಟ್ಟು ಪರದೇಶದ ಮಕ್ಕಳಿಗೆ ಮಾತೃಭಾಷೆ ಕಲಿಸುವುದು ನನ್ನಾಕೆಗೆ ಸರಿಕಾಣಲಿಲ್ಲ. ಆದರೆ ಬೆಂಚಿಗೆ ಕೊಟ್ಟ ಮಾತು? ಮತ್ತೆ ಓದಿದೆ. ನೇಪಾಳ ಸಿಕ್ಕಿತು. 1950ರ ಒಪ್ಪಂದದ ಕೃಪೆಯಿಂದ ಭಾರತೀಯರಿಗೆ ಅಲ್ಲಿ ವೀಸಾ ಎಂಬುದೇ ಇಲ್ಲ. ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಇದ್ದರಾಯಿತು. ಅರವತ್ತೈದು ದಾಟಿದವರಿಗೆ ಅದೂ ಬೇಡ, ಆಧಾರ್ ಸಾಕು. ಗಂಡ ಹೆಂಡತಿ ಹೌದೋ ಅಲ್ಲವೋ ಯಾರೂ ಕೇಳುವುದಿಲ್ಲ. ಇನ್ನು ಕಠ್ಮಂಡುವಿನ ಪಶುಪತಿನಾಥನಿಗೆ ಪರಂಪರೆಯಿಂದ ಪೂಜೆ ಮಾಡುವ ಭಟ್ಟರು ಕರ್ನಾಟಕದವರು. ಗುಣಸಂಧಿ ಕೇಳದಿದ್ದರೂ ಕನ್ನಡ ಕೇಳುವ ಕಿವಿ ಅಲ್ಲಿ ಇರಲೇಬೇಕು.

ಅವ್ವನಿಗೆ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ನಂಗೆ ಆಧಾರ್ ಕಾರ್ಡೇ ಸಾಕಾ? ನಿಮಗಿಬ್ಬರಿಗೂ ಸಾಲಲ್ವಾ?" ಎಂದು ಖಾತ್ರಿ ಮಾಡಿಕೊಂಡಳು. ಈಗ ಮನೆಗೆ ಬಂದವರಿಗೆಲ್ಲ ಅವಳೇ ಹೇಳುತ್ತಾಳೆ: "ನೇಪಾಳಕ್ಕೆ ಹೊಂಟೀನಿ. ಮಗ ಸೊಸೆನ ಜೊತೀಗೆ ಕರ್ಕೊಂಡು ಹೋಗ್ಬೇಕು ಅಂತ ಮಾಡೀನಿ, ಅವರ ಕಾಗದಪತ್ರ ಏನಾಗ್ತವೋ ನೋಡ್ಬೇಕು."