ಮ.ರಾ.ರಾ. ಎರರ್ ಮೆಸೇಜ್ ಅವರ ಸನ್ನಿಧಾನಕ್ಕೆ

ಮಹಾರಾಜರಾಜಶ್ರೀ ಎರರ್ ಮೆಸೇಜ್ ಅವರಿಗೆ ಡಿಜಿಟಲ್ ಚಿತ್ರಕಾರರ ಸಮಸ್ತ ಬಳಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ಇತ್ತ ಸೇವ್ ಮಾಡದ ಫೈಲುಗಳ ಹೊರತು ಮಿಕ್ಕೆಲ್ಲವೂ ಕ್ಷೇಮ.

ತಾವು ಬರುತ್ತೀರೆಂಬುದು ಬಳಗದ ದೂರಲ್ಲ. ಬರಬೇಕಾದಾಗ ಬರುವುದಿಲ್ಲ, ಬಂದರೆ ವಿಷಯ ಹೇಳುವುದಿಲ್ಲ ಎಂಬುದೇ ದೂರು.

ಮೊದಲು ಕ್ರಿಟಾದ ಸಂಗತಿ. 1999ರಲ್ಲಿ ಬೇರೊಂದು ಹೆಸರಿನಿಂದ ಶುರುವಾದ ಈ ಉಚಿತ ಚಿತ್ರರಚನಾ ತಂತ್ರಾಂಶದ ಈಗಿನ ಹೆಸರಿಗೆ ಸ್ವೀಡಿಷ್‌ನಲ್ಲಿ ಬಳಪ ಎಂದರ್ಥ. ಅಸಲಿ ಬಳಪದಲ್ಲಿ ಒಂದು ಸೌಕರ್ಯವಿತ್ತು, ಅದು ಬರೆಯುತ್ತ ಬರೆಯುತ್ತ ರಬ್ಬರ್ ಆಗಿಬಿಡುತ್ತಿರಲಿಲ್ಲ. ಇಲ್ಲಿ ಕೀಬೋರ್ಡಿನ ‘ಇ’ ಕೀಲಿಗೆ ಬೆರಳು ತಾಗಿದರೆ ಸಾಕು, ಕೈಲಿರುವ ಬ್ರಷ್ಷೇ ಅಳಿಸಲು ಶುರುಮಾಡುತ್ತದೆ. ಖಾಲಿ ಲೇಯರಿನ ಮೇಲೆ ಅಳಿಸಿದರೆ ಕಾಣುವುದಾದರೂ ಏನು? ಚಿತ್ರಕಾರ ಪೆನ್ನಿನ ನಿಬ್ ಬದಲಿಸುತ್ತಾನೆ. ಯುಎಸ್‌ಬಿ ಕೇಬಲ್ ಕಿತ್ತು ಪಕ್ಕದ ತೂತಿಗೆ ಚುಚ್ಚುತ್ತಾನೆ. ಡ್ರೈವರ್ ತೆಗೆದು ಮತ್ತೆ ಹಾಕುತ್ತಾನೆ. ಟ್ಯಾಬ್ಲೆಟ್ಟಿಗೆ ದೃಷ್ಟಿ ತೆಗೆಯುವುದೊಂದು ಬಾಕಿ. ಅಷ್ಟೂ ಹೊತ್ತು ಮೇಲಿನ ಪಟ್ಟಿಯಲ್ಲಿ ರಬ್ಬರಿನ ಪುಟ್ಟ ಗುಂಡಿ ಒತ್ತಿಕೊಂಡೇ ಇರುತ್ತದೆ. ತಾವು ಮಾತ್ರ ಪರದೆಯ ನಡುವೆ ನಿಂತು ‘ಅಯ್ಯಾ, ಇದೀಗ ರಬ್ಬರು’ ಎನ್ನುವುದಿಲ್ಲ.

1990ರಿಂದ ಮಾರುಕಟ್ಟೆಯಲ್ಲಿರುವ ಫೋಟೋಶಾಪ್‌ನಲ್ಲೂ ತಮ್ಮ ಮೌನವ್ರತ ಕಡಿಮೆಯೇನಲ್ಲ. ಕ್ಯಾಪ್ಸ್ ಲಾಕ್ ಬಿದ್ದರೆ ಬ್ರಷ್ಷಿನ ದುಂಡು ಗುರುತು ಮಾಯವಾಗಿ ಬರೀ ಕೂಡುಚಿಹ್ನೆ ಉಳಿಯುತ್ತದೆ. ಕ್ಯಾನ್ವಾಸಿನ ಯಾವುದೋ ಮೂಲೆಯಲ್ಲಿ ಬೆರಳುಗುರಿನಷ್ಟು ಸೆಲೆಕ್ಷನ್ ಉಳಿದುಹೋಗಿದ್ದರೆ ಅದರಾಚೆ ಒಂದು ಗೆರೆಯೂ ಮೂಡದು. ಎರಡಕ್ಕೂ ಮದ್ದು ಒಂದೆರಡು ಕೀಲಿಯ ಕೆಲಸ. ರೋಗ ಗೊತ್ತಾಗುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ.

ಪೆನ್ನಿನ ಒತ್ತಡದ ಕಥೆ ಅತ್ತೆ ಸೊಸೆಯರದು. ವಿಂಡೋಸ್ ಕಂಪ್ಯೂಟರಿನಲ್ಲಿ ಪೆನ್ನಿನ ಸುದ್ದಿ ತಲುಪಿಸುವವರು ಇಬ್ಬರು: ಹಳೆಯ ವಿನ್‌ಟ್ಯಾಬ್, ಆಮೇಲೆ ಬಂದ ವಿಂಡೋಸ್ ಇಂಕ್. ಡ್ರೈವರ್ ಒಬ್ಬರ ಕೈಲಿ ಹೇಳಿ ಕಳಿಸಿದ್ದನ್ನು ತಂತ್ರಾಂಶ ಇನ್ನೊಬ್ಬರ ಬಾಯಿಂದ ಕೇಳಲು ಕೂತರೆ ಪೆನ್ನು ಓಡಾಡುತ್ತದೆ, ಒತ್ತಡ ಮಾತ್ರ ದಾರಿಯಲ್ಲೇ ಕಳೆದುಹೋಗುತ್ತದೆ. ಡಬ್ಬದ ಮೇಲೆ 8192 ಹಂತದ ಒತ್ತಡ ಎಂದು ಅಚ್ಚಾಗಿರುತ್ತದೆ, ಹಾಳೆಯ ಮೇಲೆ ಒಂದೇ ದಪ್ಪದ ಗೆರೆ. ಕ್ರಿಟಾದ ಸೆಟ್ಟಿಂಗ್ಸ್‌ನಲ್ಲಿ ಇಬ್ಬರಲ್ಲೊಬ್ಬರನ್ನು ಆರಿಸಿಕೊಳ್ಳಬಹುದು, ಪೆನ್ನನ್ನು ಪರೀಕ್ಷಿಸಲು ಟೆಸ್ಟರ್ ಕೂಡ ಉಂಟು. ಫೋಟೋಶಾಪ್‌ನಲ್ಲಿ ವಿಂಡೋಸ್ ಇಂಕ್ ಬೇಡವೆಂದವರು ಪಿಎಸ್‌ಯೂಸರ್‌ಕಾನ್ಫಿಗ್ ಎಂಬ ಟೆಕ್ಸ್ಟ್ ಫೈಲ್ ಮಾಡಿ, ಒಳಗೆ ‘ಯೂಸ್‌ಸಿಸ್ಟಮ್‌ಸ್ಟೈಲಸ್ 0’ ಎಂದು ಬರೆದು, ಸೆಟ್ಟಿಂಗ್ಸ್ ಫೋಲ್ಡರಿನಲ್ಲಿ ಇಡುವ ಪದ್ಧತಿಯಿದೆ. ತಾಯಿತದ ಒಳಗಿನ ಚೀಟಿಯಂತೆ. ವಿಶೇಷವೆಂದರೆ ಈ ತಾಯಿತ ಕೆಲಸ ಮಾಡುತ್ತದೆ.

ಹಾಗೆಂದು ತಮಗೆ ಮಾತು ಬಾರದೆಂದಲ್ಲ. ಮುಚ್ಚಿಟ್ಟ ಲೇಯರಿನ ಮೇಲೆ ಬ್ರಷ್ ಆಡಿಸಿದರೆ ಫೋಟೋಶಾಪ್‌ನಲ್ಲಿ ತಾವೇ ಎದುರು ಬಂದು, ಲೇಯರ್ ಕಾಣದ ಸ್ಥಿತಿಯಲ್ಲಿದೆ, ಆದ್ದರಿಂದ ಬ್ರಷ್ ನಡೆಯದು ಎಂದು ಕಾರಣಸಹಿತ ಹೇಳುತ್ತೀರಿ. ಅದೇ ಬಾಯಲ್ಲಿ ಇನ್ನೊಂದು ದಿನ, ಪ್ರೋಗ್ರಾಮ್ ಎರರ್ ಇರುವುದರಿಂದ ಕೋರಿಕೆ ಈಡೇರಿಸಲಾಗಲಿಲ್ಲ ಎನ್ನುತ್ತೀರಿ. ಜ್ವರ ಏಕೆ ಬಂತೆಂದರೆ ಮೈ ಬಿಸಿಯಾದ್ದರಿಂದ, ಎಂದ ವೈದ್ಯರಿಗೆ ಯಾರೂ ಫೀಸು ಕೊಡುವುದಿಲ್ಲ.

‘ಸ್ಕ್ರ್ಯಾಚ್ ಡಿಸ್ಕ್ ತುಂಬಿದೆ’ ಎಂಬುದು ತಮ್ಮ ಮತ್ತೊಂದು ಅಪ್ಪಣೆ. ಲೆಕ್ಕ ಕಷ್ಟದ್ದಲ್ಲ. ಎ4 ಹಾಳೆ, ಇಂಚಿಗೆ 300 ಚುಕ್ಕೆ ಎಂದರೆ 2480×3508, ಅಂದರೆ ಸುಮಾರು 87 ಲಕ್ಷ ಪಿಕ್ಸೆಲ್. ಒಂದೊಂದಕ್ಕೆ 4 ಬೈಟ್ ಹಿಡಿದರೆ ತುಂಬಿದ ಲೇಯರಿಗೆ 35 ಎಂಬಿ, ಅಂಥ 40 ಲೇಯರಿಗೆ 1.4 ಜಿಬಿ. ಅನ್‌ಡೂ ಹೆಜ್ಜೆಗಳ ಖರ್ಚು ಬೇರೆ. ರ‍್ಯಾಮ್ ಸಾಲದೆ ಹೊರಚೆಲ್ಲಿದ್ದು ಈ ಡಿಸ್ಕಿಗೆ ಹೋಗುತ್ತದೆ. ಯಾವ ಡ್ರೈವ್, ಎಷ್ಟು ಜಾಗ ಬೇಕು ಎಂದು ಒಂದು ಸಾಲು ಸೇರಿಸಿದ್ದರೆ ಚಿತ್ರಕಾರ ಸ್ಕ್ರ್ಯಾಚ್ ಡಿಸ್ಕನ್ನು ಬೇರೆ ಡ್ರೈವಿಗೆ ಸರಿಸುತ್ತಿದ್ದ. ಅದು ತಿಳಿಯದೆ ತಂಗಿಯ ಮದುವೆಯ ವಿಡಿಯೋ ಅಳಿಸುತ್ತಾನೆ.

ಇನ್ನು ಕನ್ನಡದ ಅಹವಾಲು. ರಾಜ್ಯೋತ್ಸವದ ಪೋಸ್ಟರಿಗೆ ಯೂನಿಕೋಡಿನಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಹಳೆಯ ಆವೃತ್ತಿಯ ಫೋಟೋಶಾಪ್ ‘ಕನ್‌ನಡ’ ಎಂದು ಮುರಿದು ಕೂರಿಸುವುದುಂಟು. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿಕೊಂಡರೆ ಒತ್ತಕ್ಷರ ತನ್ನ ಜಾಗಕ್ಕಿಳಿಯುತ್ತದೆ. ಈ ಗೊಡವೆಯೇ ಬೇಡವೆಂದ ಡಿಟಿಪಿಯವರು ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳನ್ನು ಬಿಟ್ಟಿಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರಗಳೇ ಕನ್ನಡದ ವೇಷ ತೊಟ್ಟಿರುತ್ತವೆ. ಯೂನಿಕೋಡಿನ ಒತ್ತಕ್ಷರ ಕಳಚಿಬಿದ್ದಾಗ ತಾವು ಬರುವುದಿಲ್ಲ, ಏಕೆಂದರೆ ತಂತ್ರಾಂಶದ ಕಣ್ಣಿಗೆ ಅಲ್ಲಿ ತಪ್ಪೇ ನಡೆದಿಲ್ಲ. ತಪ್ಪು ಕಾಣಿಸುವುದು ಫ್ಲೆಕ್ಸ್ ಅಚ್ಚಾಗಿ ಸರ್ಕಲ್ಲಿನಲ್ಲಿ ಕಟ್ಟಿದ ಮೇಲೆ, ಅದೂ ದಾರಿಹೋಕರಿಗೆ.

ಆದಕಾರಣ ಬಳಗದ ಬಿನ್ನಹ ಇಷ್ಟು: ಬ್ರಷ್ ಮೂಕವಾದ ಗಳಿಗೆಯಲ್ಲಿ ತಾವು ದರ್ಶನ ಕೊಡಬೇಕು, ಬಂದಾಗ ಯಾವ ಗುಂಡಿ ಒತ್ತಬೇಕೆಂದು ತಿಳಿಸಬೇಕು.

ಇಂತಿ ತಮ್ಮ ವಿಧೇಯ,
ರೀಸ್ಟಾರ್ಟ್ ಮಾಡಿ ಮಾಡಿ ದಣಿದ ಚಿತ್ರಕಾರರ ಬಳಗ

ತಾ.ಕ.: ಉತ್ತರವನ್ನು ಕನ್ನಡದಲ್ಲೇ ಕಳಿಸುವುದಾದರೆ ಮೊದಲು ಟೈಪ್ ವಿಭಾಗ ನೋಡಿಕೊಳ್ಳಿ. ‘ಕ್‌ಷಮಿಸಿ’ ಎಂದು ಬಂದರೆ ಬಳಗ ಸ್ವೀಕರಿಸುವುದಿಲ್ಲ.